ಪಾದದಿಂದ ಶುರುವಾಗುವ ನಟನೆ

ಬಿಳಿ ಕಾಲುಚೀಲ ತೊಟ್ಟ, ಜಪಾನಿನ ಸಾಂಪ್ರದಾಯಿಕ ರಂಗಕಲೆ ‘ನೋ’ದ ನಟ ಹಿಮ್ಮಡಿ ಎತ್ತದೆ, ನೆಲ ಸವರುತ್ತ ನಡೆಯುತ್ತಾನೆ. ಈ ನಡಿಗೆಯಲ್ಲಿ ಪಳಗಲಿಕ್ಕೇ ವರ್ಷಗಳು ಬೇಕು.

ಜಪಾನಿನ ನಿರ್ದೇಶಕ ತದಾಶಿ ಸುಜುಕಿ 1972ರಲ್ಲಿ ಪ್ಯಾರಿಸ್‌ನಲ್ಲಿ ನೋ ನೋಡಿ ಬೆರಗಾದರು. ತಮ್ಮದೇ ನೆಲದ ಕಲೆಯ ಕಸುವು ಕಂಡದ್ದು ಪರದೇಶದಲ್ಲಿ! 1974ರಲ್ಲಿ ಗ್ರೀಕ್ ನಾಟಕಕಾರ ಯೂರಿಪಿಡೀಸನ ‘ಟ್ರೋಜನ್ ವಿಮೆನ್’ ಆಡಿಸಿದಾಗ ನೋ ನಟ ಹಿಸಾವೊ ಕಾನ್ಜೆ, ಪ್ರಯೋಗಶೀಲ ನಟಿ ಕಯೊಕೊ ಶಿರಾಯಿಶಿ ಇಬ್ಬರನ್ನೂ ಒಂದೇ ರಂಗಕ್ಕೆ ತಂದರು. 1976ರಲ್ಲಿ ಅವರ ತಂಡ ಟೋಕಿಯೊ ಬಿಟ್ಟು ತೊಯಾಮಾದ ಗುಡ್ಡಗಾಡಿನ ತೋಗಾ ಹಳ್ಳಿ ಸೇರಿತು.

ನೋ ನಡಿಗೆಯಂತೆ ಪಾದಕ್ಕೇ ಒತ್ತು ಕೊಡುವ ಅಲ್ಲಿನ ತಾಲೀಮು ಸಲೀಸಲ್ಲ. ಸೊಂಟದ ಮೇಲಿನ ಮೈ ಅಲುಗದಂತೆ, ಸಂಗೀತದ ಲಯಕ್ಕೆ ನೆಲವನ್ನು ಬಲವಾಗಿ ತುಳಿಯಬೇಕು. ಕುಸಿದು ಬಿದ್ದು, ಮತ್ತೆ ನಿಧಾನವಾಗಿ ಏಳಬೇಕು. ಹಳೆಯ ರಂಗಕಲೆಯಿಂದ ಕಲಿಯಲು, ಜಪಾನಿನ ಇನ್ನೊಂದು ಸಾಂಪ್ರದಾಯಿಕ ರಂಗಪ್ರಕಾರ ಕಾಬುಕಿಯ ಬಣ್ಣ, ಉಡುಪು ಎರವಲು ತರುವುದಕ್ಕಿಂತ ಈ ದಾರಿಯೇ ಮೇಲು.

1992ರಲ್ಲಿ ಅಮೆರಿಕದ ನಿರ್ದೇಶಕಿ ಆನ್ ಬೋಗಾರ್ಟ್ ಜೊತೆ ಸುಜುಕಿ ಕಟ್ಟಿದ ನಾಟಕ ತಂಡ ಸೀಟಿ ಕಂಪನಿ ಇದೇ ತಾಲೀಮನ್ನು ನ್ಯೂಯಾರ್ಕ್‌ನಲ್ಲೂ ಕಲಿಸಿತು.