ಹಾಲುಹಲ್ಲೆಂದು ಅಲಕ್ಷ್ಯ ಬೇಡ

ಕನ್ನಡದಲ್ಲಿ ಹಾಲುಹಲ್ಲು, ಮರಾಠಿಯಲ್ಲಿ ‘ದುಧಾಚೆ ದಾತ್’. ‘ಹೇಗಿದ್ದರೂ ಬೀಳುವ ಹಲ್ಲು’ ಎಂಬ ಉದಾಸೀನವನ್ನು ಎರಡೂ ಭಾಷೆಯವರಲ್ಲಿ ನಾವು ಕಾಣುತ್ತೇವೆ.

ಸುಮಾರು 6ನೆಯ ತಿಂಗಳಲ್ಲಿ ಮೂಡತೊಡಗುವ ಈ ಹಲ್ಲುಗಳು 3 ವರ್ಷದ ವೇಳೆಗೆ 20 ಆಗುತ್ತವೆ. ಹಿಂದಿನ ದವಡೆ ಹಲ್ಲುಗಳು 10-12ನೆಯ ವಯಸ್ಸಿನವರೆಗೂ ಉಳಿದು, ಶಾಶ್ವತ ಹಲ್ಲುಗಳಿಗೆ ಸ್ಥಳವನ್ನು ಕಾಯ್ದಿರಿಸುತ್ತವೆ. ಅವು ಹುಳುಕಾಗಿ ಬೇಗನೆ ಬಿದ್ದರೆ ಅಕ್ಕಪಕ್ಕದ ಹಲ್ಲುಗಳು ಸರಿದು, ಮುಂದೆ ಬರುವ ಹಲ್ಲು ಸೊಟ್ಟಗಾಗಬಹುದು.

ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟೇ ಮಗುವನ್ನು ಮಲಗಿಸುವ ರೂಢಿಯು ಹುಳುಕಿನ ಮುಖ್ಯ ಕಾರಣಗಳಲ್ಲೊಂದು. ನಿದ್ರೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಸಿಹಿಯ ಅಂಶ ಹಲ್ಲಿನ ಮೇಲೆಯೇ ನಿಂತು ಆಮ್ಲವಾಗುತ್ತದೆ. ಮೇಲಿನ ಮುಂಹಲ್ಲುಗಳ ಬುಡದಲ್ಲಿ ಕಾಣುವ ಸುಣ್ಣದಂಥ ಬಿಳಿ ಗೆರೆ ಅದರ ಮೊದಲ ಸೂಚನೆ. ಆಗಲೇ ಎಚ್ಚೆತ್ತರೆ ಹುಳುಕನ್ನು ತಡೆಯಬಹುದು.

ಮೊದಲ ಹಲ್ಲು ಕಂಡಂದಿನಿಂದಲೇ ದಿನಕ್ಕೆರಡು ಬಾರಿ ಉಜ್ಜಬೇಕು. 3 ವರ್ಷದವರೆಗೆ ಅಕ್ಕಿಕಾಳಿನಷ್ಟು, ಬಳಿಕ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಸಾಕು. 7-8 ವರ್ಷದವರೆಗೆ ಹಿರಿಯರ ಕೈ ಜೊತೆಗಿರಲಿ.

ವರ್ಷ ತುಂಬುವುದರೊಳಗೆ ಮಗುವನ್ನು ಒಮ್ಮೆ ದಂತವೈದ್ಯರಿಗೆ ತೋರಿಸುವುದು ಒಳಿತು. ಛತ್ರಪತಿ ಸಂಭಾಜಿನಗರದಲ್ಲಿ ಸರಕಾರಿ ದಂತ ಮಹಾವಿದ್ಯಾಲಯದ ಆಸ್ಪತ್ರೆಯೂ, ನಾಸಿಕದ ಪಂಚವಟಿಯಲ್ಲಿ ಕೆ.ಬಿ.ಎಚ್. ದಂತ ಮಹಾವಿದ್ಯಾಲಯದ ಆಸ್ಪತ್ರೆಯೂ ಇವೆ. ನೋವು ಬರುವವರೆಗೆ ನಾವು ಕಾಯದಿರೋಣ.