ಹೆಸರಘಟ್ಟದ ಹುಲ್ಲು, ಭಾನುವಾರದ ಜೀಪು



ಭಾನುವಾರ ಬೆಳಗಿನ ಹಾಲನ್ನು ಡೇರಿಗೆ ಹಾಕಿ, ಕ್ಯಾನು ತೊಳೆದಿಟ್ಟು, ನೀವು ಹಸು ಹೊಡೆದುಕೊಂಡು ಬಯಲಿಗೆ ಹೊರಡುವ ಹೊತ್ತಿಗೆ ಮಲ್ಲೇಶ್ವರ, ಬಸವನಗುಡಿ ಕಡೆಯ ಒಂದಷ್ಟು ಜೀಪುಗಳು ಹೆಸರಘಟ್ಟದ ದಾರಿ ಹಿಡಿದಿರುತ್ತವೆ. ಟಾರು ಮುಗಿದ ಮೇಲೆ ಬಂಡಿದಾರಿ. ಅಲ್ಲಿಯವರೆಗೆ ಯಾರದೂ ತಕರಾರಿಲ್ಲ. ಬಂಡಿದಾರಿ ಬಿಟ್ಟು ಹುಲ್ಲಿಗೆ ಚಕ್ರ ಇಳಿಸಿದಾಗ ತೊಂದರೆ ಶುರುವಾಗುತ್ತದೆ.

ಆ ಬಯಲಿಗೂ ಮಲ್ಲೇಶ್ವರಕ್ಕೂ ಹಳೆಯ ನಂಟು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಕಟ್ಟೆ ಕಟ್ಟಿ ಹೆಸರಘಟ್ಟದ ಕೆರೆ ಮಾಡಿದರು. 1896ರಲ್ಲಿ ಅದರ ನೀರು ಬೆಂಗಳೂರಿಗೆ ಬಂತು. ಸೋಲದೇವನಹಳ್ಳಿಯಿಂದ ಪಂಪು ಮಾಡಿದ ನೀರು ಮಲ್ಲೇಶ್ವರ ತಲುಪುತ್ತಿತ್ತು. ಅಲ್ಲಿನ ಹಳಬರು ಜ್ಯುಯೆಲ್ ಫಿಲ್ಟರನ್ನು ಇನ್ನೂ ಮರೆತಿಲ್ಲ. ಮಳೆನೀರನ್ನು ಹಿಡಿದು ನಿಧಾನವಾಗಿ ಕೆರೆಗೆ ಬಿಡುತ್ತಿದ್ದದ್ದು ಸುತ್ತಲಿನ ಇದೇ ಹುಲ್ಲು. ನಿಮ್ಮ ಹಸುವಿಗೂ ಆ ಊರಿನ ಋಣ ಇರಬಹುದು. ಡೆನ್ಮಾರ್ಕಿನ ನೆರವಿನಿಂದ ಶುರುವಾದ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಉತ್ಪಾದನಾ ಕೇಂದ್ರ ಇರುವುದು ಹೆಸರಘಟ್ಟದಲ್ಲೇ.

ಹುಲ್ಲಿನ ಮೇಲೆ ಒಂದು ಸಲ ಜೀಪು ಹೋದರೆ ಏನು ಮಹಾ ಎನ್ನುವವರಿದ್ದಾರೆ. ಹಸುವಿನ ಗೊರಸು ತುಳಿದ ಹುಲ್ಲು ಮತ್ತೆ ತಲೆ ಎತ್ತುತ್ತದೆ. ಒದ್ದೆ ನೆಲದಲ್ಲಿ ಜಾರುತ್ತ ತಿರುಗುವ ಚಕ್ರ ಮಾತ್ರ ಹುಲ್ಲನ್ನು ಬೇರುಸಮೇತ ಕೀಳುತ್ತದೆ. ಕೆಳಗಿನ ಮಣ್ಣು ಗಟ್ಟಿಯಾಗಿ ನೀರು ಇಂಗುವುದಿಲ್ಲ. ಮುಂದಿನ ಮಳೆಗೆ ಆ ಜಾಡೇ ಕೊರಕಲು. ಕೊರಕಲು ತಪ್ಪಿಸಲು ಮುಂದಿನ ಗಾಡಿ ಪಕ್ಕದ ಹುಲ್ಲಿಗೆ ಇಳಿಯುತ್ತದೆ, ಅದರ ಹಿಂದಿನದು ಇನ್ನೂ ಪಕ್ಕಕ್ಕೆ. ಎಂಟು ಅಡಿಯ ಬಂಡಿದಾರಿ ನೋಡನೋಡುತ್ತ ನಲವತ್ತು ಅಡಿಯ ಕೆಂಪು ಮಣ್ಣಾಗುತ್ತದೆ. ಹುಲ್ಲಲ್ಲಿ ಮೊಟ್ಟೆ ಇಡುವ ಗೌಜಲಹಕ್ಕಿ, ಟಿಟ್ಟಿಭಗಳ ಪಾಡು ಹೇಳುವುದೇ ಬೇಡ. ಬೆದರಿ ಓಡಿದ ಹಸು ಸಂಜೆ ಹಾಲು ಇಳಿಸಲು ಎಷ್ಟು ಸತಾಯಿಸುತ್ತದೆ ಎಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ.

ಎಲ್ಲ ಜೀಪಿನವರೂ ಹೀಗೆ ಎಂದರೆ ಅನ್ಯಾಯ. ಓಡಿಸಲು ನಿಜವಾಗಿ ಬಲ್ಲವರು ಇರುವ ಜಾಡಿನಲ್ಲೇ ಒಬ್ಬರ ಹಿಂದೊಬ್ಬರು ನಿಧಾನವಾಗಿ ಹೋಗುತ್ತಾರೆ. ದನ ಎದುರಾದರೆ ಎಂಜಿನ್ ಆರಿಸಿ ಕಾಯುತ್ತಾರೆ. ಮಳೆ ಬಿದ್ದ ಮಾರನೆಯ ದಿನ ಬರುವುದೇ ಇಲ್ಲ. ಕೆಸರು ಹಾರಿಸಿ ವಿಡಿಯೋ ಮಾಡುವವರಿಂದ ಇವರಿಗೂ ಕೆಟ್ಟ ಹೆಸರು.

ಸಿಟ್ಟು ಬಂದ ಊರಿನವರು ಮೊದಲು ಮಾಡುವ ಕೆಲಸ ಜೆಸಿಬಿ ತರಿಸಿ ದಾರಿಗೆ ಅಡ್ಡ ಕಂದಕ ಹೊಡೆಯುವುದು. ಇದು ಬೇಡ ಎಂದೇ ನನ್ನ ಮಾತು. ಜೀಪು ಬೇರೆ ಕಡೆಯಿಂದ ಹತ್ತುತ್ತದೆ. ನಿಲ್ಲುವುದು ಮೇವಿನ ಗಾಡಿ, ಹೆರಿಗೆಗೆ ಹೊರಟ ಆಂಬುಲೆನ್ಸ್, ರಾತ್ರಿ ಕರು ಹಾಕಲು ಕಷ್ಟಪಡುವ ಹಸುವನ್ನು ನೋಡಲು ಬರುವ ಡಾಕ್ಟರ ಬೈಕು. ಬಳಸುವವರು ಎಚ್ಚರ ತಪ್ಪಿದರೆ ಸರ್ಕಾರವೂ ಬಾಗಿಲು ಹಾಕುತ್ತದೆ. 2024ರ ಜನವರಿಯಲ್ಲಿ ಒಂದೇ ವಾರಾಂತ್ಯಕ್ಕೆ ಕುಮಾರಪರ್ವತಕ್ಕೆ ಸಾವಿರಾರು ಜನ ನುಗ್ಗಿದ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೇ ಅರಣ್ಯ ಇಲಾಖೆ ನಿಲ್ಲಿಸಿತು. ಜವಾಬ್ದಾರಿಯಿಂದ ನಡೆದುಕೊಂಡವರಿಗೂ ದಾರಿ ಮುಚ್ಚಿತು.

ಹೆಸರಘಟ್ಟದಲ್ಲಿ ಮಾತಾಡಲು ಒಂದು ಜಾಗವಿದೆ. 5,678 ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡಲು 2024ರ ಅಕ್ಟೋಬರಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು. ಮೇಯಿಸುವುದು ನಿಂತುಹೋಗುತ್ತದೋ ಎಂಬ ಭಯ ಸುತ್ತಲ ಊರುಗಳಲ್ಲಿತ್ತು, ಅದು ಸಹಜವೂ ಹೌದು. ಆದರೆ ವನ್ಯಜೀವಿ ಕಾಯ್ದೆಯಲ್ಲಿ ಇಂಥ ಮೀಸಲು ಅಭಯಾರಣ್ಯದಷ್ಟು ಬಿಗಿಯಲ್ಲ. ಸ್ಥಳೀಯರ ಜೊತೆ ಸಮಾಲೋಚಿಸಿಯೇ ಘೋಷಿಸಬೇಕು. ನಿರ್ವಹಣೆಗೆ ಸಲಹೆ ಕೊಡುವ ಸಮಿತಿಯಲ್ಲಿ ವ್ಯಾಪ್ತಿಗೆ ಬರುವ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು, ಪಶುಸಂಗೋಪನಾ ಇಲಾಖೆಯಿಂದ ಒಬ್ಬರು ಇರಬೇಕು. ಯಾವ ಜಾಡಿನಲ್ಲಿ ಗಾಡಿ ಬರಬಹುದು, ಯಾವ ತಿಂಗಳು ಬೇಡ, ದನ ಯಾವ ಕಡೆ ಮೇಯುತ್ತದೆ ಎಂಬುದನ್ನು ಅಲ್ಲಿ ಎತ್ತಬಹುದು. ನಿಮ್ಮ ಪಂಚಾಯಿತಿಯಿಂದ ಹೋಗುವವರಿಗೆ ಹಸು ಮೇಯಿಸಿ ಗೊತ್ತೇ? ಇಲ್ಲದಿದ್ದರೆ ಹೇಳಿ ಕಳಿಸುವವರು ನೀವೇ.

ಹೆಸರಘಟ್ಟದಿಂದ ದೂರ ಇರುವವರಿಗೂ ಒಂದು ಕೆಲಸ. ಸರ್ವೆ ಇಲಾಖೆಯ ಗ್ರಾಮ ನಕ್ಷೆ ತೆಗೆಸಿ ನೋಡಿ. ಅದರಲ್ಲಿ ಜೋಡಿ ಚುಕ್ಕಿಗೆರೆ ಇದ್ದರೆ ಬಂಡಿದಾರಿ, ಒಂಟಿ ಚುಕ್ಕಿಗೆರೆ ಕಾಲುದಾರಿ. ನಿಂತ ಜಾಗದ ಸರ್ವೆ ನಂಬರನ್ನು ಮೊಬೈಲಿನ ದಿಶಾಂಕ್ ಆ್ಯಪ್ ತೋರಿಸುತ್ತದೆ. ನಕ್ಷೆಯ ದಾರಿಗೆ ಯಾರಾದರೂ ಬೇಲಿ ಹಾಕಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಡಿ. ನಕ್ಷೆಯಲ್ಲಿ ಇಲ್ಲದ ದಾರಿಯನ್ನೂ ಖಾಸಗಿ ಜಮೀನಿನಲ್ಲಿ 20 ವರ್ಷ ಹಕ್ಕಿನಿಂದ, ಬಹಿರಂಗವಾಗಿ, ತಡೆಯಿಲ್ಲದೆ ಬಳಸಿದ್ದರೆ 1882ರ ಅನುಭೋಗದ ಹಕ್ಕಿನ ಕಾಯ್ದೆ ನಿಮ್ಮ ಕಡೆಗಿದೆ. ಅದಕ್ಕೆ ಸಿವಿಲ್ ಕೋರ್ಟಿಗೆ ಹೋಗಬೇಕಾದೀತು.

ಇನ್ನು ನಮ್ಮ ಮನೆಯ ಗಾಡಿಯ ವಿಷಯ. ಗದ್ದೆಯಿಂದ ಬಂದ ಟ್ರಾಕ್ಟರಿನ ಕೇಜ್‌ವೀಲ್ ಬಿಚ್ಚದೆ ಬಂಡಿದಾರಿಗೆ ಹತ್ತಿಸುವವನು ಪೇಟೆಯವನಲ್ಲ, ನಮ್ಮ ಮಗನೇ. ಮಳೆಗಾಲದಲ್ಲಿ ಆ ಕೊರಕಲಿನಲ್ಲಿ ಕಾಲು ಜಾರಿ ಹಾಲಿನ ಕ್ಯಾನು ಚೆಲ್ಲಿಕೊಂಡವರು ಪ್ರತಿ ಸಂಘದಲ್ಲೂ ಸಿಗುತ್ತಾರೆ. ಇವತ್ತು ಸಂಜೆ ಅವನು ಊಟಕ್ಕೆ ಕೂತಾಗ ಮಾತು ತೆಗೆಯಿರಿ. ಜೀಪಿನವರಿಗೆ ಹೇಳುವುದು ಆಮೇಲೆ.