ಕಟ್ಟೆಯಿಂದ ಕಾಂಕ್ರೀಟ್ ಬೆಂಚಿನವರೆಗೆ

ಅರಳಿಕಟ್ಟೆ ಎಂದರೆ ಊರಿನ ಬಯಲು ಚಾವಡಿ. ನ್ಯಾಯ ತೀರ್ಮಾನ, ಹರಟೆ, ಮಧ್ಯಾಹ್ನದ ನಿದ್ದೆ ಎಲ್ಲವೂ ಅಲ್ಲಿಯೇ. ಆದರೆ ಅನೇಕ ಊರುಗಳಲ್ಲಿ ಆ ಕಟ್ಟೆ ಏರುವ ಹಕ್ಕು ಎಲ್ಲ ಜಾತಿಯವರಿಗೂ ಇರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಆ ದೃಷ್ಟಿಯಿಂದ ನೋಡಿದರೆ ಉದ್ಯಾನ, ಬಸ್ ನಿಲ್ದಾಣಗಳ ಸಿಮೆಂಟ್ ಬೆಂಚು ಸಾಮಾನ್ಯ ವಸ್ತುವಲ್ಲ. ಮೊದಲು ಬಂದವರು ಕೂರಬಹುದು, ಜಾತಿ ಕೇಳುವವರಿಲ್ಲ.

ಈ ಬೆಂಚಿನೊಳಗಿನ ತಂತ್ರಕ್ಕೆ ಒಬ್ಬ ತೋಟಗಾರನ ನಂಟಿದೆ. ಫ್ರಾನ್ಸಿನ ಜೋಸೆಫ್ ಮೋನಿಯೆ, ಬೇಗ ಒಡೆಯದ ಗಿಡದ ಕುಂಡಗಳಿಗಾಗಿ ಸಿಮೆಂಟಿನೊಳಗೆ ಕಬ್ಬಿಣದ ಬಲೆ ಹುದುಗಿಸಿ, 1867ರಲ್ಲಿ ಪೇಟೆಂಟ್ ಪಡೆದ. ಕಾಂಕ್ರೀಟು ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳದು. ಎರಡು ಕಾಲುಗಳ ಮೇಲಿಟ್ಟ ಚಪ್ಪಡಿಯ ಮೇಲೆ ನಾಲ್ವರು ಕುಳಿತರೆ ಎಳೆತ ಬೀಳುವುದು ಅದರ ತಳಕ್ಕೆ. ಹೀಗಾಗಿ ಕಂಬಿಗಳನ್ನು ತಳದ ಹತ್ತಿರ ಕೂರಿಸುತ್ತಾರೆ. ತೀರಾ ಹತ್ತಿರವಾದರೂ ಕಷ್ಟವೇ. ನೀರು ತಗುಲಿ ತುಕ್ಕು ಹಿಡಿದ ಕಂಬಿ ಊದಿಕೊಂಡು ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಕಂಬಿಯ ಮೇಲೆ ಸಾಕಷ್ಟು ದಪ್ಪದ ಕಾಂಕ್ರೀಟು, ಎರಕದ ನಂತರ ಕೆಲವು ದಿನ ತಪ್ಪದೆ ನೀರುಣಿಸುವುದು, ಇವು ಬಾಳಿಕೆಯ ಮುಖ್ಯ ಗುಟ್ಟುಗಳು. ಮರದ ಬೆಂಚಿಗೆ ಗೆದ್ದಲು, ಕಬ್ಬಿಣದ್ದಕ್ಕೆ ಕಳ್ಳರು. ಇದಕ್ಕೆ ಆ ಎರಡೂ ಭಯವಿಲ್ಲ.

ಆದರೆ ಬಾಳಿಕೆಯ ಜೊತೆಗೆ ಬೇರೊಂದು ಲೆಕ್ಕಾಚಾರವೂ ಸೇರಿಕೊಂಡಿದೆ. ಲಂಡನ್ನಿನ ಕ್ಯಾಮ್ಡೆನ್ ಸ್ಥಳೀಯ ಆಡಳಿತಕ್ಕಾಗಿ 2012ರಲ್ಲಿ ಬಂದ ಕಾಂಕ್ರೀಟ್ ಬೆಂಚು ಇದಕ್ಕೆ ಹೆಸರಾಂತ ಉದಾಹರಣೆ. ಅದರ ಮೈಯೆಲ್ಲ ಇಳಿಜಾರು, ಆದ್ದರಿಂದ ಮಲಗಲಾಗದು. ಅಂಚು ಏರಿಳಿತವಾಗಿರುವುದರಿಂದ ಹುಡುಗರು ಸ್ಕೇಟ್‌ಬೋರ್ಡ್ ಓಡಿಸಲಾರರು. ಸಂದುಗಳಿಲ್ಲದ್ದರಿಂದ ಮಾದಕ ವಸ್ತು ಬಚ್ಚಿಡುವಂತಿಲ್ಲ. ಗೀಚಿದ ಬಣ್ಣ ನಿಲ್ಲದಂತೆ ಲೇಪನವೂ ಉಂಟು. ಕೈಚೀಲ ಕಳುವಾಗದಂತೆ ಕಾಲಿನ ಹಿಂದೆ ಗೂಡುಗಳಿವೆ. ಸುರಕ್ಷತೆಯ ದೃಷ್ಟಿಯಿಂದ ಇದನ್ನು ಮೆಚ್ಚಿದವರಿದ್ದಾರೆ. ಮನೆಯಿಲ್ಲದವರನ್ನು ಬೀದಿಯಿಂದಲೂ ಅಟ್ಟುವ ಉಪಾಯ ಎಂದು ಟೀಕಿಸಿದವರೂ ಇದ್ದಾರೆ. ಇಂಥ ನಿರ್ಮಾಣಕ್ಕೆ ‘ಹಗೆತನದ ವಾಸ್ತುಶಿಲ್ಪ’ ಎಂಬ ಹೆಸರೇ ಬಿದ್ದಿದೆ.

ಒಂದು ಸಣ್ಣ ಕೈಯಾಸರೆಯನ್ನೇ ನೋಡಬಹುದು. ಬೆಂಚಿನ ತುದಿಯಲ್ಲಿದ್ದರೆ, ಮಂಡಿನೋವಿನ ಅಜ್ಜಿ ಅದನ್ನು ಹಿಡಿದು ಮೇಲೇಳುತ್ತಾಳೆ. ನಡುವೆ ಇದ್ದರೆ, ರಾತ್ರಿ ಬಸ್ಸು ತಪ್ಪಿಸಿಕೊಂಡ ಕೂಲಿಯವನಿಗೆ ಬೆನ್ನು ಚಾಚಲು ಜಾಗವಿಲ್ಲ. ಕಾಂಕ್ರೀಟಿಗಾಗಲಿ ಕಂಬಿಗಾಗಲಿ ಈ ಭೇದ ತಿಳಿಯದು. ಯಾರು ಕೂರಬೇಕು, ಯಾರು ಏಳಬೇಕು ಎಂದು ಹಿಂದೆ ಊರಿನ ಹಿರಿಯರು ತೀರ್ಮಾನಿಸುತ್ತಿದ್ದರು. ಈಗ ಅದು ನಕ್ಷೆ ಬರೆಯುವಾಗಲೇ ತೀರ್ಮಾನವಾಗಿಬಿಡುತ್ತದೆ.